ಶಸ್ತ್ರಚಿಕಿತ್ಸೆಯ ತರಬೇತಿ ತಾಲ್ಲೂಕು ಆಸ್ಪತ್ರೆಗೆ ಬರಲಿ

ಸಂಪಾದಕರಿಗೆ,

ಮಾನ್ಯರೇ,

ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಬೇಡಿಕೆಯ ಪರವಾಗಿ ತಮ್ಮ ಪತ್ರಿಕೆಯಲ್ಲಿ ಓದುಗರ ಪತ್ರಗಳು ಆಗಾಗ ಪ್ರಕಟವಾಗುತ್ತಿವೆ. ಅಪಘಾತವಾದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕಾದ ಉತ್ತರ ಕನ್ನಡದ ಜನ 2022ರಲ್ಲಿ ಈ ಬೇಡಿಕೆಗಾಗಿ ದೊಡ್ಡ ಅಭಿಯಾನವನ್ನೇ ನಡೆಸಿದರು. ಅವರ ಸಂಕಟ ನ್ಯಾಯವಾದದ್ದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ರಾಯಚೂರು, ಕೊಪ್ಪಳ ಭಾಗದ ಸರ್ಕಾರಿ ಆಸ್ಪತ್ರೆಗಳಲ್ಲಿ ಅರಿವಳಿಕೆ ತಜ್ಞೆಯಾಗಿ ದುಡಿದು ನಿವೃತ್ತಳಾದ ನನಗೆ ಈ ಚರ್ಚೆಯಲ್ಲಿ ಒಂದು ಪ್ರಶ್ನೆ ಕಾಣುತ್ತಿಲ್ಲ. ಆ ಆಸ್ಪತ್ರೆಯಲ್ಲಿ ರಾತ್ರಿ ಒಂದು ಗಂಟೆಗೆ ಆಪರೇಷನ್ ಮಾಡುವವರು ಯಾರು, ಅವರು ಆ ಕೆಲಸವನ್ನು ಎಲ್ಲಿ ಕಲಿತಿರುತ್ತಾರೆ ಎಂಬುದೇ ಆ ಪ್ರಶ್ನೆ. ಇದು ನಮ್ಮ ರಾಜ್ಯದ ಸಮಸ್ಯೆ ಮಾತ್ರವಲ್ಲ, ಜಗತ್ತಿನ ಬಡ ದೇಶಗಳೆಲ್ಲ ಎದುರಿಸುತ್ತಿರುವ ಸಮಸ್ಯೆ. ಅವುಗಳಲ್ಲಿ ಕೆಲವು ದೇಶಗಳು ಕಂಡುಕೊಂಡ ದಾರಿಯಿಂದ ನಾವು ಕಲಿಯುವುದು ಸಾಕಷ್ಟಿದೆ ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ನೇಮಿಸಿದ್ದ ಜಾಗತಿಕ ಶಸ್ತ್ರಚಿಕಿತ್ಸಾ ಆಯೋಗವು 2015ರಲ್ಲಿ ತನ್ನ ವರದಿಯನ್ನು ಕೊಟ್ಟಿತು. ಅಗತ್ಯ ಬಿದ್ದಾಗ ಸುರಕ್ಷಿತವಾದ, ಕೈಗೆಟಕುವ ದರದ ಶಸ್ತ್ರಚಿಕಿತ್ಸೆಯೂ ಅರಿವಳಿಕೆಯೂ ಸಿಗದ ಜನರ ಸಂಖ್ಯೆ ಜಗತ್ತಿನಲ್ಲಿ 500 ಕೋಟಿ ಎಂದು ಅದು ಲೆಕ್ಕ ಹಾಕಿತು. ವರ್ಷಕ್ಕೆ ನಡೆಯುವ ಸುಮಾರು 31 ಕೋಟಿ ಶಸ್ತ್ರಚಿಕಿತ್ಸೆಗಳಲ್ಲಿ, ಜಗತ್ತಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಿರುವ ಅತಿ ಬಡ ದೇಶಗಳ ಪಾಲಿಗೆ ಬರುತ್ತಿದ್ದದ್ದು ಶೇ 6ರಷ್ಟು ಮಾತ್ರ. ಜೀವ ಉಳಿಸಲು ಮತ್ತು ಅಂಗವೈಕಲ್ಯ ತಪ್ಪಿಸಲು ಇನ್ನೂ 14.3 ಕೋಟಿ ಶಸ್ತ್ರಚಿಕಿತ್ಸೆಗಳು ಪ್ರತಿವರ್ಷ ನಡೆಯಬೇಕು ಎಂದೂ, ಆಪರೇಷನ್ನಿನ ಖರ್ಚಿನಿಂದಲೇ ವರ್ಷಕ್ಕೆ 3.3 ಕೋಟಿ ಜನ ಆರ್ಥಿಕವಾಗಿ ನೆಲಕಚ್ಚುತ್ತಾರೆ ಎಂದೂ ವರದಿ ಹೇಳಿತು. ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು, ತುರ್ತು ಮತ್ತು ಅಗತ್ಯ ಶಸ್ತ್ರಚಿಕಿತ್ಸೆ ಹಾಗೂ ಅರಿವಳಿಕೆಯು ಸಾರ್ವತ್ರಿಕ ಆರೋಗ್ಯ ಸೇವೆಯ ಭಾಗವೇ ಆಗಬೇಕೆಂಬ ನಿರ್ಣಯವನ್ನು ಅಂಗೀಕರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಿನ ಮಹಾನಿರ್ದೇಶಕ ಹಾಫ್‌ಡಾನ್ ಮಾಹ್ಲರ್ 1980ರಲ್ಲಿಯೇ ಶಸ್ತ್ರಚಿಕಿತ್ಸಕರ ಅಂತರರಾಷ್ಟ್ರೀಯ ಸಭೆಯೊಂದರಲ್ಲಿ ಇದೇ ಮಾತನ್ನು ಆಡಿದ್ದರು. ಆ ಮಾತು ನಿರ್ಣಯವಾಗಲು ಮೂವತ್ತೈದು ವರ್ಷ ಹಿಡಿಯಿತು.

ಆಯೋಗವು 2030ಕ್ಕೆ ಇಟ್ಟ ಗುರಿಗಳಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಎರಡು ಗಂಟೆಯ ಲೆಕ್ಕ. ಪ್ರತಿ ದೇಶದ ಕನಿಷ್ಠ ಶೇ 80ರಷ್ಟು ಜನರಿಗೆ ಎರಡು ಗಂಟೆಯ ಹಾದಿಯೊಳಗೆ ಮೂರು ಶಸ್ತ್ರಚಿಕಿತ್ಸೆಗಳು ಲಭ್ಯವಿರಬೇಕು: ಸಿಸೇರಿಯನ್ ಹೆರಿಗೆ, ಹೊಟ್ಟೆ ತೆರೆದು ಮಾಡುವ ತುರ್ತು ಆಪರೇಷನ್, ಚರ್ಮ ಸೀಳಿ ಹೊರಬಂದ ಮೂಳೆ ಮುರಿತದ ಚಿಕಿತ್ಸೆ. ಈ ಮೂರನ್ನೂ ಮಾಡಬಲ್ಲ ಆಸ್ಪತ್ರೆ ಉಳಿದ ಬಹುಪಾಲು ಶಸ್ತ್ರಚಿಕಿತ್ಸೆಗಳನ್ನೂ ಮಾಡಬಲ್ಲದು ಎಂಬುದು ಇದರ ಹಿಂದಿನ ತರ್ಕ. ಇವುಗಳಲ್ಲಿ ಯಾವುದಕ್ಕೂ ಸೂಪರ್ ಸ್ಪೆಷಾಲಿಟಿ ಬೇಕಿಲ್ಲ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ಹೃದಯ ಕಸಿಯ ಘಟಕ ಬೆಂಗಳೂರಿನಲ್ಲಿದ್ದರೆ ನಡೆದೀತು. ಆದರೆ ಮಗು ಅಡ್ಡ ಸಿಕ್ಕಿಕೊಂಡ ತಾಯಿಗೆ, ಕರುಳು ತೂತಾಗಿ ಹೊಟ್ಟೆ ಕಲ್ಲಿನಂತೆ ಗಟ್ಟಿಯಾದ ರೈತನಿಗೆ ಬೇಕಾದದ್ದು ತಾಲ್ಲೂಕು ಕೇಂದ್ರದಲ್ಲಿಯೇ ಇರಬೇಕು.

ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಕಟ್ಟಡವಿದೆ, ಟೇಬಲ್ಲಿದೆ, ದೀಪವಿದೆ, ಹಲವೆಡೆ ಸ್ತ್ರೀರೋಗ ತಜ್ಞರೂ ಇದ್ದಾರೆ. ಸಂಜೆಯಾದ ಮೇಲೆ ರೆಫರ್ ಚೀಟಿಯಲ್ಲಿ ಮೇಲಿಂದ ಮೇಲೆ ಕಾಣುವ ಕಾರಣ ಒಂದೇ, ‘ಅನಸ್ತೇಷಿಯಾ ಡಾಕ್ಟರ್ ಲಭ್ಯವಿಲ್ಲ.’ 108 ವಾಹನದಲ್ಲಿ ಜಿಲ್ಲಾ ಕೇಂದ್ರಕ್ಕೆ ಹೊರಟ ತಾಯಂದಿರಲ್ಲಿ ಕೆಲವರು ತಲುಪುವ ಹೊತ್ತಿಗೆ ಗರ್ಭಕೋಶ ಹರಿದಿರುವುದನ್ನು ನಾನು ಜಿಲ್ಲಾ ಆಸ್ಪತ್ರೆಯಲ್ಲಿದ್ದಾಗ ಕಣ್ಣಾರೆ ಕಂಡಿದ್ದೇನೆ. ಲಕ್ಷ ಜನಸಂಖ್ಯೆಗೆ ಕನಿಷ್ಠ ಐವರು ಅರಿವಳಿಕೆ ವೈದ್ಯರಿರಬೇಕೆಂದು ಅರಿವಳಿಕೆ ತಜ್ಞರ ವಿಶ್ವ ಒಕ್ಕೂಟ ಹೇಳುತ್ತದೆ. ಅದು 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 77 ದೇಶಗಳು ಆ ಮಟ್ಟ ಮುಟ್ಟಿರಲಿಲ್ಲ, ಭಾರತವೂ ಅವುಗಳಲ್ಲಿ ಒಂದು. ಇರುವ ತಜ್ಞರೂ ನಗರಗಳಲ್ಲಿಯೇ ನೆಲೆಸಿರುವುದರಿಂದ ದೇಶದ ಸರಾಸರಿ ಸಂಖ್ಯೆ ನಮ್ಮ ಭಾಗದ ನಿಜಸ್ಥಿತಿಯನ್ನು ಹೇಳುವುದೇ ಇಲ್ಲ.

ಈ ಕೊರತೆ ತುಂಬಲೆಂದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಕಾಲದಲ್ಲಿ ಎಂಬಿಬಿಎಸ್ ವೈದ್ಯರಿಗೆ ಹದಿನೆಂಟು ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ಆರಂಭವಾಯಿತು. ತುರ್ತು ಹೆರಿಗೆಗೆ ಬೇಕಾದಷ್ಟು ಅರಿವಳಿಕೆಯನ್ನು ಸುರಕ್ಷಿತವಾಗಿ ಕೊಡಲು ಕಲಿಸುವುದು ಅದರ ಉದ್ದೇಶ. ನಾನು ಈ ವೈದ್ಯರಲ್ಲಿ ಹಲವರಿಗೆ ಕಲಿಸಿದ್ದೇನೆ. ಆದ್ದರಿಂದ ಈ ಕಲಿಕೆ ನಿಜವಾಗಿ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬಯಸುತ್ತೇನೆ. ನೋವು ತಿನ್ನುತ್ತಿರುವ ಹೆಣ್ಣುಮಗಳನ್ನು ಟೇಬಲ್ಲಿನ ಅಂಚಿಗೆ ಕೂರಿಸಿ, ಗದ್ದ ಎದೆಗೆ ತಾಗುವಂತೆ ಬಗ್ಗಿಸಿ, ಎದುರಿಗೆ ನಿಂತ ನರ್ಸ್ ಆಕೆಯ ಭುಜಗಳನ್ನು ಹಿಡಿದುಕೊಳ್ಳುತ್ತಾರೆ. ಕಲಿಯುವ ವೈದ್ಯ ಸೊಂಟದ ಎರಡೂ ಬದಿಯ ಮೂಳೆಯ ಮೇಲೆ ಬೆರಳಿಟ್ಟು, ಹೆಬ್ಬೆರಳಿನಿಂದ ಬೆನ್ನೆಲುಬಿನ ಸಂದು ಹುಡುಕಬೇಕು. ಕೂದಲೆಳೆಯಂಥ ಸೂಜಿ ಒಳಗಿನ ಪೊರೆ ದಾಟುವಾಗ ಕೈಗೆ ಒಂದು ಸಣ್ಣ ಸಡಿಲ ತಿಳಿಯುತ್ತದೆ. ಸೂಜಿಯ ಹಿಂಬದಿಯಲ್ಲಿ ತಿಳಿನೀರಿನಂಥ ಹನಿ ಕಾಣಿಸಿದರೆ ಮಾತ್ರ ಔಷಧಿ ಹಾಕಬೇಕು. ಇಷ್ಟನ್ನು ಹತ್ತಿಪ್ಪತ್ತು ಸಲ ಮಾಡಿದರೆ ಹೆಚ್ಚಿನವರಿಗೆ ಕೈ ಕೂಡುತ್ತದೆ.

ಕಷ್ಟವಿರುವುದು ಅದರ ನಂತರದ ಹತ್ತು ನಿಮಿಷಗಳಲ್ಲಿ. ಮಲಗಿಸಿದ ಕೂಡಲೇ ಬಲಪಕ್ಕೆಯ ಕೆಳಗೆ ಬಟ್ಟೆಯ ಸುರುಳಿಯಿಟ್ಟು ಹೊಟ್ಟೆಯ ಭಾರ ಎಡಕ್ಕೆ ವಾಲುವಂತೆ ಮಾಡಬೇಕು, ಬಿ.ಪಿ. ಪಟ್ಟಿ ಮತ್ತೆ ಮತ್ತೆ ಊದಬೇಕು, ರಕ್ತದೊತ್ತಡ ಏರಿಸುವ ಔಷಧಿಯ ಸಿರಿಂಜ್ ಕೈಯಲ್ಲಿಯೇ ಇರಬೇಕು. ‘ವಾಂತಿ ಬಂದಂಗ ಆಗಕತ್ತೈತ್ರಿ ಡಾಕ್ಟರಮ್ಮಾರ’ ಎಂದು ಆಕೆ ಹೇಳಿದರೆ ಅದು ಭಯದ ಮಾತಲ್ಲ, ಮಾನಿಟರ್ ತೋರಿಸುವುದಕ್ಕಿಂತ ಮೊದಲೇ ರಕ್ತದೊತ್ತಡ ಕುಸಿಯುತ್ತಿದೆ ಎಂಬ ಸೂಚನೆ. ಆ ಮಾತನ್ನು ಕೇಳಿಸಿಕೊಂಡು ತಕ್ಷಣ ಕೈ ಓಡಿಸುವುದನ್ನು ಪುಸ್ತಕವೂ ಕಲಿಸದು, ದೂರದ ಮಹಾನಗರದ ಮಾದರಿ ಬೊಂಬೆಯೂ ಕಲಿಸದು. ಅನುಭವವಿರುವ ಒಬ್ಬರು ಭುಜಕ್ಕೆ ಭುಜ ತಾಗುವಂತೆ ನಿಂತು, ತಿಂಗಳುಗಟ್ಟಲೆ, ಅದೇ ಥಿಯೇಟರಿನಲ್ಲಿ ಕಲಿಸಬೇಕು.

ನಮ್ಮ ಯೋಜನೆ ಮುಗ್ಗರಿಸಿದ್ದು ಇಲ್ಲಿಯೇ. ವೈದ್ಯಕೀಯ ಕಾಲೇಜಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಹಿಂದೆ ನಿಂತು ನೋಡುವುದರಲ್ಲೇ ಹಲವರ ತರಬೇತಿಯ ಬಹುಭಾಗ ಕಳೆದುಹೋಯಿತು. ತರಬೇತಿ ಮುಗಿಸಿ ಹಿಂದಿರುಗಿದವರನ್ನು ಶಸ್ತ್ರಚಿಕಿತ್ಸಕರೇ ಇಲ್ಲದ ಕೇಂದ್ರಗಳಿಗೆ ಹಾಕಿದ ಉದಾಹರಣೆಗಳಿವೆ. ಅನಾಹುತವಾದರೆ ಕಾನೂನಿನ ಮುಂದೆ ತಮ್ಮ ಪರವಾಗಿ ನಿಲ್ಲುವವರು ಯಾರು ಎಂಬ ಅವರ ಪ್ರಶ್ನೆಗೆ ಲಿಖಿತ ಉತ್ತರ ಸಿಗಲಿಲ್ಲ. ನನ್ನ ಕೈಕೆಳಗೆ ಚೆನ್ನಾಗಿಯೇ ಕಲಿತಿದ್ದ ಯುವ ವೈದ್ಯನೊಬ್ಬ, ಹೊರರೋಗಿ ವಿಭಾಗಕ್ಕಷ್ಟೇ ಸೀಮಿತನಾಗಿ, ಎರಡು ವರ್ಷಗಳಲ್ಲಿ ಸೂಜಿ ಹಿಡಿಯುವ ಧೈರ್ಯವನ್ನೇ ಕಳೆದುಕೊಂಡ. ಅವನನ್ನು ದೂರಲು ನನಗೆ ಮನಸ್ಸಿಲ್ಲ. ಕಲಿಸಿದ ವಿದ್ಯೆಗೆ ಕೆಲಸ ಕೊಡದೆ, ಕೆಲಸಕ್ಕೆ ರಕ್ಷಣೆ ಕೊಡದೆ ಕೈಬಿಟ್ಟದ್ದು ವ್ಯವಸ್ಥೆ.

ಆಫ್ರಿಕಾದ ಮೊಜಾಂಬಿಕ್ ದೇಶ ಇದೇ ಕೆಲಸವನ್ನು ನಮಗಿಂತ ಬಹಳ ಕಡಿಮೆ ಸಂಪತ್ತಿನಲ್ಲಿ ಮಾಡಿ ತೋರಿಸಿದೆ. ಸ್ವಾತಂತ್ರ್ಯದ ಹೊತ್ತಿಗೆ ಪೋರ್ಚುಗೀಸ್ ವೈದ್ಯರಲ್ಲಿ ಹೆಚ್ಚಿನವರು ದೇಶ ಬಿಟ್ಟು ಹೋಗಿದ್ದರು, ಬೆನ್ನಿಗೇ ಅಂತರ್ಯುದ್ಧ ಹೊತ್ತಿಕೊಂಡಿತ್ತು. ಅಂಥ ಹೊತ್ತಿನಲ್ಲಿ, 1984ರಲ್ಲಿ, ಆ ದೇಶವು ಅನುಭವಿ ಆರೋಗ್ಯ ಸಿಬ್ಬಂದಿಯನ್ನು ಆಯ್ದು ಮೂರು ವರ್ಷ ಶಸ್ತ್ರಚಿಕಿತ್ಸೆಯ ತರಬೇತಿ ಕೊಡಲಾರಂಭಿಸಿತು. ಎರಡು ವರ್ಷ ರಾಜಧಾನಿ ಮಾಪುಟೊದಲ್ಲಿ, ಒಂದು ವರ್ಷ ಪ್ರಾಂತೀಯ ಆಸ್ಪತ್ರೆಯಲ್ಲಿ. ಅವರು ಎಂಬಿಬಿಎಸ್ ಓದಿದವರಲ್ಲ ಎಂದು ಮೂಗು ಮುರಿಯುವವರು ನಮ್ಮಲ್ಲಿ ಇರಬಹುದು. ಆದರೆ 2007ರಲ್ಲಿ ಪ್ರಕಟವಾದ ಅಧ್ಯಯನ ನೋಡಿದರೆ, ಅಲ್ಲಿನ ಜಿಲ್ಲಾ ಆಸ್ಪತ್ರೆಗಳ ದೊಡ್ಡ ಪ್ರಸೂತಿ ಶಸ್ತ್ರಚಿಕಿತ್ಸೆಗಳಲ್ಲಿ ಶೇ 90ಕ್ಕಿಂತ ಹೆಚ್ಚನ್ನು ಮಾಡುತ್ತಿದ್ದವರು ಇವರೇ. ಏಳು ವರ್ಷಗಳ ನಂತರವೂ ಜಿಲ್ಲೆಯಲ್ಲಿ ಉಳಿದವರು ಇವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ. ಅದೇ ಅವಧಿಯಲ್ಲಿ ಜಿಲ್ಲೆಗೆ ನೇಮಕಗೊಂಡಿದ್ದ ವೈದ್ಯರಲ್ಲಿ ಉಳಿದವರು ಇಲ್ಲವೆಂಬಷ್ಟು ಕಡಿಮೆ.

ವೈದ್ಯರ ವಿಷಯದಲ್ಲೂ ಇದು ಸಾಧ್ಯವೆಂದು ತೋರಿಸಿದ್ದು ಪೂರ್ವ, ಮಧ್ಯ ಮತ್ತು ದಕ್ಷಿಣ ಆಫ್ರಿಕಾದ ಶಸ್ತ್ರಚಿಕಿತ್ಸಕರ ಕಾಲೇಜು. ಇದು 1999ರಲ್ಲಿ ಸ್ಥಾಪನೆಯಾಯಿತು; ಕೇಂದ್ರ ಕಚೇರಿ ತಾಂಜಾನಿಯಾದ ಅರುಶಾದಲ್ಲಿದೆ. ಇಥಿಯೋಪಿಯಾ, ಕೆನ್ಯಾ, ಮಲಾವಿ, ಜಾಂಬಿಯಾ ಸೇರಿ ಹದಿನಾಲ್ಕು ಸದಸ್ಯ ದೇಶಗಳಿವೆ. ಈ ಕಾಲೇಜಿಗೆ ಗೋಡೆಯಿಲ್ಲ. ಮಾನ್ಯತೆ ಪಡೆದ ಆಸ್ಪತ್ರೆ ಯಾವ ಊರಿನಲ್ಲಿದ್ದರೂ ಅದೇ ತರಗತಿ, ಅಲ್ಲಿನ ಹಿರಿಯ ಶಸ್ತ್ರಚಿಕಿತ್ಸಕರೇ ಗುರುಗಳು. ಪಠ್ಯ, ದಾಖಲೆ ಪುಸ್ತಕ, ಪರೀಕ್ಷೆ ಮಾತ್ರ ಎಲ್ಲ ದೇಶಗಳಿಗೂ ಒಂದೇ. ಐರ್ಲೆಂಡಿನ ರಾಯಲ್ ಶಸ್ತ್ರಚಿಕಿತ್ಸಕರ ಕಾಲೇಜು 2007ರಿಂದ ಇದರ ಜೊತೆಗಿದ್ದರೂ, ಯಾರಿಗೆ ಏನು ಕಲಿಸಬೇಕೆಂದು ನಿರ್ಧರಿಸುವುದು ಆಫ್ರಿಕಾದವರೇ. ಆ ಪ್ರದೇಶದ ದೇಶಗಳಲ್ಲಿ 1974ರಿಂದ 2013ರವರೆಗೆ ಶಸ್ತ್ರಚಿಕಿತ್ಸೆಯ ತರಬೇತಿ ಮುಗಿಸಿದವರನ್ನು ಹುಡುಕಿ ಲೆಕ್ಕ ಹಾಕಿದಾಗ, ಶೇ 85ರಷ್ಟು ಮಂದಿ ತಾವು ಕಲಿತ ದೇಶದಲ್ಲಿಯೇ ಕೆಲಸ ಮಾಡುತ್ತಿದ್ದರು. ವೈದ್ಯರು ಹಳ್ಳಿಗೆ ಹೋಗುವುದಿಲ್ಲ, ಬಡ ದೇಶದಲ್ಲಿ ನಿಲ್ಲುವುದಿಲ್ಲ ಎಂದು ಗೊಣಗುವ ಬದಲು, ಅವರನ್ನು ಎಲ್ಲಿ ಬೆಳೆಸಿದೆವು ಎಂದು ನಾವು ಕೇಳಿಕೊಳ್ಳಬೇಕು ಎನ್ನಲು ನನಗೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಜಾಗತಿಕ ಸಹಕಾರದ ಹೆಸರಿನಲ್ಲಿ ನಡೆಯುವುದೆಲ್ಲವೂ ಹೀಗಿಲ್ಲ. ಶ್ರೀಮಂತ ದೇಶದ ತಂಡವೊಂದು ಎರಡು ವಾರಕ್ಕೆ ಬಂದು, ಸಾಲುಗಟ್ಟಿ ಆಪರೇಷನ್ ಮಾಡಿ, ಫೋಟೊ ತೆಗೆಸಿಕೊಂಡು ಹೋದ ಮೇಲೆ ಕೀವಾದ ಗಾಯವನ್ನು ತೊಳೆಯುವವರು ಸ್ಥಳೀಯ ನರ್ಸ್‌ಗಳೇ. ಆ ತಂಡ ಬರಲು ವೀಸಾ ಸಲೀಸಾಗಿ ಸಿಗುತ್ತದೆ. ಆತಿಥೇಯ ಆಸ್ಪತ್ರೆಯ ಯುವ ವೈದ್ಯೆ ಅವರ ದೇಶದಲ್ಲಿ ಆರು ವಾರ ಕಲಿಯಲು ಅರ್ಜಿ ಹಾಕಿದರೆ ಬ್ಯಾಂಕ್ ಖಾತೆಯಿಂದ ಹಿಡಿದು ಎಲ್ಲವನ್ನೂ ಸಾಬೀತುಪಡಿಸಬೇಕು, ಹೋದರೂ ರೋಗಿಯನ್ನು ಮುಟ್ಟುವಂತಿಲ್ಲ, ಹಿಂದೆ ನಿಂತು ನೋಡಬೇಕಷ್ಟೆ. ಮಾಹಿತಿ ಸಂಗ್ರಹಿಸುವುದು ಇಲ್ಲಿ, ಪ್ರಬಂಧದ ಮೊದಲ ಹೆಸರು ಅಲ್ಲಿಯವರದು. ಸಹಾಯಕ್ಕೆ ಬಂದವರ ಸದ್ಭಾವನೆಯನ್ನು ನಾನು ಶಂಕಿಸುವುದಿಲ್ಲ, ಅಂಥವರಿಂದ ನಾನೂ ಕಲಿತಿದ್ದೇನೆ. ಆದರೆ ಸಂಬಂಧ ಸಮಾನವಾಗಿರಬೇಕು ಎಂದು ಕೇಳುವುದು ಕೃತಘ್ನತೆಯಲ್ಲ.

ಜ್ಞಾನ ಒಂದೇ ದಿಕ್ಕಿನಿಂದ ಹರಿಯುತ್ತದೆ ಎಂಬ ನಂಬಿಕೆಯೇ ತಪ್ಪು. ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾ ಎಂಬ ಊರಿನ ಶಸ್ತ್ರಚಿಕಿತ್ಸಕ ರವೀಂದ್ರನಾಥ ಟೊಂಗಾಂವಕರ್ ಮತ್ತು ಸಂಗಡಿಗರು, ಹರ್ನಿಯಾ ಆಪರೇಷನ್ನಿಗೆ ದುಬಾರಿ ಜಾಲರಿಯ ಬದಲು ಶುದ್ಧೀಕರಿಸಿದ ಸೊಳ್ಳೆಪರದೆಯ ಬಟ್ಟೆಯನ್ನು ಬಳಸಿ ಅದರ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಆಗ ಹುಬ್ಬೇರಿಸಿದವರು ಕಡಿಮೆಯಿರಲಿಲ್ಲ. ಉಗಾಂಡಾದಲ್ಲಿ ಮುನ್ನೂರು ರೋಗಿಗಳ ಮೇಲೆ ಕ್ರಮಬದ್ಧ ಪರೀಕ್ಷೆ ನಡೆದು, ಅಗ್ಗದ ಜಾಲರಿಗೂ ಕಂಪನಿಯ ಜಾಲರಿಗೂ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದು 2016ರಲ್ಲಿ ಸಾಬೀತಾಯಿತು. ಭಾರತ, ನೈಜೀರಿಯಾ, ರುವಾಂಡಾ ಸೇರಿದಂತೆ ಏಳು ದೇಶಗಳ 81 ಆಸ್ಪತ್ರೆಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯ ಪ್ರಶ್ನೆಯಂತೂ ತೀರಾ ಸರಳ: ಹೊಟ್ಟೆ ಹೊಲಿಯುವ ಮುನ್ನ ಕೈಗವಸು, ಸಲಕರಣೆಗಳನ್ನು ಬದಲಿಸಿದರೆ ಕೀವು ಕಡಿಮೆಯಾಗುತ್ತದೆಯೇ? ಸೋಂಕು ಶೇ 18.9ರಿಂದ ಶೇ 16ಕ್ಕೆ ಇಳಿಯಿತು. ಇಂಥ ಪ್ರಶ್ನೆ ಹುಟ್ಟುವುದು ನಮ್ಮ ಥಿಯೇಟರುಗಳಲ್ಲಿ, ಇದರ ಉತ್ತರ ಲಂಡನ್ನಿಗೂ ಉಪಯೋಗಕ್ಕೆ ಬರುತ್ತದೆ.

ವಿಮೆಯ ಬಗ್ಗೆಯೂ ಒಂದು ಮಾತು. ಸಹಕಾರ ಸಂಘದ ರೈತರ ಶಸ್ತ್ರಚಿಕಿತ್ಸೆಗೆಂದೇ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಕರ್ನಾಟಕದ ಹೆಮ್ಮೆ. ಈಗ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಅಡಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯಿದೆ. ಇವು ಎಷ್ಟೋ ಮನೆಗಳ ಹೊಲ ಉಳಿಸಿವೆ. ಆದರೆ ಕಾರ್ಡು ಹಣ ಕೊಡುತ್ತದೆಯೇ ಹೊರತು ತಜ್ಞರನ್ನು ಊರಿಗೆ ತರುವುದಿಲ್ಲ. ಆಸ್ಪತ್ರೆ ಎಲ್ಲಿದೆಯೋ ಹಣ ಅಲ್ಲಿಗೇ ಹರಿಯುತ್ತದೆ. ರೋಗಿಯ ಜೊತೆ ನಗರಕ್ಕೆ ಹೋದ ಇಬ್ಬರ ಕೂಲಿ, ಊಟ, ಬಸ್ ಖರ್ಚಿಗೆ ಕೈಸಾಲವೇ ಗತಿ.

ಆಪರೇಷನ್ನುಗಳ ಸಂಖ್ಯೆ ಹೆಚ್ಚಿಸುವ ಅವಸರದಲ್ಲಿ ಸುರಕ್ಷತೆ ಹಿಂದೆ ಬೀಳಬಾರದು ಎಂಬ ಎಚ್ಚರವೂ ಅಗತ್ಯ. ಶಸ್ತ್ರಚಿಕಿತ್ಸೆಯಾಗಿ ಮೂವತ್ತು ದಿನಗಳೊಳಗೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 42 ಲಕ್ಷ ಜನ ಸಾಯುತ್ತಾರೆ ಎಂದು 2019ರ ಅಂದಾಜೊಂದು ಹೇಳುತ್ತದೆ; ಎಚ್‌ಐವಿ, ಕ್ಷಯ, ಮಲೇರಿಯಾ ಮೂರರಿಂದಲೂ ಸೇರಿ ಆಗುವ ಸಾವಿಗಿಂತ ಇದು ಹೆಚ್ಚು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ತೋರಿಸುವ ಪಲ್ಸ್ ಆಕ್ಸಿಮೀಟರ್ ಕೂಡ ಇಲ್ಲದ ಆಪರೇಷನ್ ಥಿಯೇಟರುಗಳು ಜಗತ್ತಿನಲ್ಲಿ 77 ಸಾವಿರಕ್ಕೂ ಹೆಚ್ಚು ಎಂದು 2010ರಲ್ಲಿ ಅಂದಾಜಿಸಲಾಗಿತ್ತು. ಬಳ್ಳಾರಿಯಲ್ಲಿ 2024ರ ನವೆಂಬರ್‌ನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದನ್ನು ಯಾರೂ ಮರೆತಿಲ್ಲ. ರಕ್ತನಾಳಕ್ಕೆ ಕೊಡುವ ದ್ರಾವಣದ ಗುಣಮಟ್ಟದ ಮೇಲೆ ಆಗ ಸಂಶಯ ಬಂದು ಅದರ ಬಳಕೆಯನ್ನು ಸರ್ಕಾರ ತಡೆಹಿಡಿಯಬೇಕಾಯಿತು. ಸರ್ಜನ್ ಎಷ್ಟೇ ನಿಪುಣರಾಗಿದ್ದರೂ ಬಾಟಲಿಯೊಳಗಿನ ದ್ರವ, ಸಿಲಿಂಡರಿನೊಳಗಿನ ಆಮ್ಲಜನಕ, ಶೀತಕಪಾಟಿನೊಳಗಿನ ರಕ್ತ ಸರಿಯಿಲ್ಲದಿದ್ದರೆ ಬಡವರೇ ಬೆಲೆ ತೆರಬೇಕಾಗುತ್ತದೆ.

ರಾಜ್ಯ ಸರ್ಕಾರ ಮಾಡಬಹುದಾದ ಕೆಲಸ ದೂರದ್ದೇನಲ್ಲ. ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕಲಿಯಬೇಕೆಂಬ ರಾಷ್ಟ್ರೀಯ ನಿಯಮ ಈಗಾಗಲೇ ಇದೆ. ಶಸ್ತ್ರಚಿಕಿತ್ಸೆ, ಪ್ರಸೂತಿ, ಅರಿವಳಿಕೆ ವಿಭಾಗದವರ ಮಟ್ಟಿಗೆ ಈ ಅವಧಿಯನ್ನು ಒಂದು ವರ್ಷಕ್ಕೆ ವಿಸ್ತರಿಸಲು ರಾಷ್ಟ್ರೀಯ ವೈದ್ಯಕೀಯ ಆಯೋಗವನ್ನು ನಮ್ಮ ರಾಜ್ಯ ಒತ್ತಾಯಿಸಬೇಕು. ಹೆರಿಗೆ ಹೆಚ್ಚಿರುವ ತಾಲ್ಲೂಕು ಆಸ್ಪತ್ರೆಗಳಿಗೂ ತರಬೇತಿ ಕೇಂದ್ರದ ಮಾನ್ಯತೆ ಸಿಗಬೇಕು. ಮೂರು ವಿಭಾಗದವರನ್ನು ಬಿಡಿಬಿಡಿಯಾಗಿ ಹಂಚದೆ ತಂಡವಾಗಿಯೇ ಕಳಿಸಬೇಕು, ಏಕೆಂದರೆ ಅರಿವಳಿಕೆಯವರಿಲ್ಲದ ಸರ್ಜನ್, ಸರ್ಜನ್ ಇಲ್ಲದ ಅರಿವಳಿಕೆಯವರು ಇಬ್ಬರೂ ರೆಫರ್ ಚೀಟಿ ಬರೆಯಲಷ್ಟೇ ಉಳಿಯುತ್ತಾರೆ. ಅಲ್ಲಿ ಕಲಿಸುವ ಹಿರಿಯರಿಗೆ ಬೋಧಕ ಹುದ್ದೆಯ ಗೌರವ, ಭತ್ಯೆ, ವಸತಿಗೃಹ ಕೊಡಬೇಕು. ಓದು ಮುಗಿದ ಮೇಲೆ ಒಂದು ವರ್ಷ ಗ್ರಾಮೀಣ ಸೇವೆ ಮಾಡಿಸಲೆಂದು ತಂದ 2012ರ ಕಾಯ್ದೆಯನ್ನು ಹೆಚ್ಚಿನ ವಿದ್ಯಾರ್ಥಿಗಳು ಶಿಕ್ಷೆಯೆಂದೇ ಕಂಡರು; ಓದಿನ ಭಾಗವಾಗಿ, ಗುರುಗಳ ಕಣ್ಣಳತೆಯಲ್ಲಿ, ದಿನಕ್ಕೆ ನಾಲ್ಕೈದು ಕೇಸು ಕೈಗೆ ಸಿಗುವಂತಿದ್ದರೆ ಅದೇ ಊರು ಅವರಿಗೆ ಪಾಠಶಾಲೆಯಾಗುತ್ತದೆ. ನನ್ನ ಬಳಿ ಕಲಿತವರಲ್ಲಿ ಲಿಂಗಸುಗೂರು, ಗಂಗಾವತಿಯ ಕಡೆ ನೆಲೆನಿಂತವರೆಲ್ಲ ಮೊದಲ ಆಪರೇಷನ್ನನ್ನು ಆ ಭಾಗದಲ್ಲಿಯೇ ಮಾಡಿದವರು.

ಅಲ್ಪಾವಧಿ ಅರಿವಳಿಕೆ ತರಬೇತಿ ಪಡೆದ ಎಂಬಿಬಿಎಸ್ ವೈದ್ಯರಿಗೆ ಅವರ ಕೆಲಸದ ಮಿತಿಯನ್ನೂ ಕಾನೂನಿನ ರಕ್ಷಣೆಯನ್ನೂ ಸ್ಪಷ್ಟವಾಗಿ ಬರೆದ ಸರ್ಕಾರಿ ಆದೇಶ ಬೇಕು. ವರ್ಷಕ್ಕೊಮ್ಮೆ ಎರಡು ವಾರ ದೊಡ್ಡ ಥಿಯೇಟರಿನಲ್ಲಿ ಕೈ ಪಳಗಿಸಿಕೊಳ್ಳುವ ಅವಕಾಶ, ರಾತ್ರಿ ಫೋನ್ ಮಾಡಿದರೆ ಎತ್ತುವ ಒಬ್ಬ ಹಿರಿಯ ತಜ್ಞರು ಅವರಿಗಿರಬೇಕು. ನನ್ನ ವೃತ್ತಿಯ ಸಂಘಟನೆಗಳಲ್ಲಿ ಇದಕ್ಕೆ ವಿರೋಧವಿದೆಯೆಂದು ಬಲ್ಲೆ. ಪೂರ್ಣಾವಧಿ ತಜ್ಞರೇ ಎಲ್ಲೆಡೆ ಇರಬೇಕೆಂಬ ಅವರ ಆಸೆ ನನ್ನದೂ ಹೌದು. ಆದರೆ ಅದು ಈಡೇರುವವರೆಗೆ ದೇವದುರ್ಗದ ಗರ್ಭಿಣಿ ಕಾಯಬೇಕೆಂದು ಹೇಳುವ ಹಕ್ಕು ನಮಗಿಲ್ಲ.

ಶ್ರೀಮಂತ ದೇಶಗಳು ಬಡ ದೇಶಗಳ ವೈದ್ಯರನ್ನು, ನರ್ಸ್‌ಗಳನ್ನು ಸೆಳೆದುಕೊಳ್ಳುವುದಕ್ಕೆ ಮಿತಿಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿಯೇ ನೀತಿ ಸಂಹಿತೆ ರೂಪಿಸಿದೆ. ಅದನ್ನು ಪಾಲಿಸುವುದು ಆಯಾ ದೇಶದ ಇಚ್ಛೆಗೆ ಬಿಟ್ಟದ್ದು. ಬ್ರಿಟನ್, ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ವೈದ್ಯರು ಕಡಿಮೆಯೇನಲ್ಲ, ತವರಿಗೆ ಏನಾದರೂ ಮಾಡಬೇಕೆಂಬ ಹಂಬಲವೂ ಅವರಲ್ಲಿದೆ. ಅವರಲ್ಲಿ ನನ್ನ ಬೇಡಿಕೆ ಇಷ್ಟೆ: ಒಂದು ವಾರದ ಉಚಿತ ಶಿಬಿರಕ್ಕಿಂತ, ಒಂದೇ ತಾಲ್ಲೂಕು ಆಸ್ಪತ್ರೆಗೆ ಐದು ವರ್ಷ ಬಿಡದೆ ಬಂದು ಅಲ್ಲಿನ ವೈದ್ಯರಿಗೆ, ಥಿಯೇಟರ್ ನರ್ಸ್‌ಗಳಿಗೆ ಕಲಿಸಿ.

ತಮ್ಮ ಪತ್ರಿಕೆಯಲ್ಲೂ ಒಂದು ವಿನಂತಿ. ಹೊಸ ಆಸ್ಪತ್ರೆ ಕಟ್ಟಡ ಉದ್ಘಾಟನೆಯಾದಾಗ ಅದರ ವೆಚ್ಚ, ಹಾಸಿಗೆಗಳ ಸಂಖ್ಯೆ, ಬಂದ ಗಣ್ಯರ ಹೆಸರು ವರದಿಯಲ್ಲಿರುತ್ತವೆ. ಆರು ತಿಂಗಳು ಬಿಟ್ಟು ತಮ್ಮ ವರದಿಗಾರರು ಅದೇ ಆಸ್ಪತ್ರೆಗೆ ಹೋಗಿ, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಅಲ್ಲಿ ಎಷ್ಟು ಸಿಸೇರಿಯನ್ ಆಗಿವೆ, ಅದೇ ಹೊತ್ತಿನಲ್ಲಿ ಎಷ್ಟು ಗರ್ಭಿಣಿಯರನ್ನು ಬೇರೆಡೆಗೆ ಕಳಿಸಲಾಗಿದೆ ಎಂದು ಥಿಯೇಟರ್ ರಿಜಿಸ್ಟರ್ ಮತ್ತು ರೆಫರಲ್ ರಿಜಿಸ್ಟರಿನಿಂದ ಕೇಳಿ ಪಡೆದು, ಪ್ರತಿ ತಾಲ್ಲೂಕಿನದನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸರ್ಕಾರಿ ಅರಿವಳಿಕೆ ತಜ್ಞೆ
ರಾಯಚೂರು ಜಿಲ್ಲೆ